ರೋಗಿಯಾಗಿದ್ದುದು ಅಪರಾಧವೇ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವೈದ್ಯವಿದ್ಯೆಯನ್ನು ಕಲಿಯಬಯಸುವ ತರುಣರಲ್ಲಿ ಕೆಲವರನ್ನು ಒಂದು ಸಂದೇಹವು ಪೀಡಿಸುತ್ತಲಿದೆ. ಹಿಂದೆ ರೋಗದ ಬಾಧೆಯಲ್ಲಿದ್ದಾಗ ವೈದ್ಯರ ಸಲಹೆಯಂತೆ ಗಾಂಜಾವನ್ನು ಔಷಧವಾಗಿ ಸೇವಿಸಿದವನು, ಈಗ ಗುಣಹೊಂದಿ ಅದನ್ನು ಬಿಟ್ಟಮೇಲೆ, ಕಾಲೇಜಿನ ಅರ್ಜಿಯಲ್ಲಿ ಆ ಸಂಗತಿಯನ್ನು ಹೇಳಬೇಕೆ, ಬೇಡವೆ? ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲಸಿದವರ ಮಕ್ಕಳೂ ಆ ಕಾಲೇಜುಗಳ ಬಾಗಿಲನ್ನು ತಟ್ಟುತ್ತಿರುವುದರಿಂದ ಈ ಪ್ರಶ್ನೆಯು ನಮ್ಮ ವಾಚಕರಿಗೆ ತೀರ ದೂರದ್ದಲ್ಲ.

ಈ ಸಂಕಟಕ್ಕೆ ಮೂಲವು ಕಾಯಿದೆಗಳ ವೈರುಧ್ಯವೇ ಆಗಿದೆ. 1970ರ ಕೇಂದ್ರ ಕಾಯಿದೆಯು ಗಾಂಜಾವನ್ನು ಹೆರಾಯಿನ್ನಿನೊಡನೆ ಮೊದಲನೆಯ ಪಟ್ಟಿಯಲ್ಲಿಟ್ಟಿತು. ಅಂಗೀಕೃತವಾದ ವೈದ್ಯಕೀಯ ಉಪಯೋಗವಿಲ್ಲದ ವಸ್ತುಗಳಿಗೆ ಮೀಸಲಾದ ಪಟ್ಟಿ ಅದು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ರೋಗಿಗಳಿಗೆ ಅದು ದೊರೆಯಬೇಕೆಂದು ತೀರ್ಮಾನಿಸಿದರು. ತರುವಾಯ ಇತರ ಅನೇಕ ಸಂಸ್ಥಾನಗಳೂ ಅದೇ ದಾರಿಯನ್ನು ಹಿಡಿದವು. ಹೀಗೆ ಒಂದು ಸರಕಾರದ ಕಣ್ಣಿಗೆ ರೋಗಿಯಾದವನು ಇನ್ನೊಂದರ ಕಣ್ಣಿಗೆ ಅಪರಾಧಿಯಾದನು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಗಾಂಜಾದ ಔಷಧಗುಣವೇನೂ ಹೊಸ ಕಲ್ಪನೆಯಲ್ಲ. ಕಲಕತ್ತೆಯ ಮೆಡಿಕಲ್ ಕಾಲೇಜಿನ ಪ್ರೊಫೆಸರ್ ಓಶಾನೆಸ್ಸಿಯವರು ಧನುರ್ವಾತವೇ ಮೊದಲಾದ ರೋಗಗಳಲ್ಲಿ ಅದನ್ನು ಪ್ರಯೋಗಿಸಿ 1839ರಲ್ಲಿಯೇ ವರದಿ ಬರೆದರು. ಅಮೆರಿಕದ ಔಷಧಸಂಹಿತೆಯಲ್ಲಿ ಅದಕ್ಕಿದ್ದ ಸ್ಥಾನವು ತಪ್ಪಿದ್ದು 1942ರಲ್ಲಿ. 2018ರಲ್ಲಿ ಅಲ್ಲಿಯ ಔಷಧ ನಿಯಂತ್ರಣ ಇಲಾಖೆಯೇ ಆ ಗಿಡದಿಂದ ತೆಗೆದ ಎಪಿಡಿಯೋಲೆಕ್ಸನ್ನು ಬಾಲ್ಯದಲ್ಲಿ ಮೊದಲಾಗುವ ಎರಡು ಬಗೆಯ ಕಠಿಣ ಅಪಸ್ಮಾರಗಳಿಗೆ ಮಂಜೂರು ಮಾಡಿತು.

ಆದರೂ ನಾವು ಎದುರುಪಕ್ಷದ ಮಾತನ್ನು ಅಲಕ್ಷ್ಯ ಮಾಡಲಾರೆವು. ಗಾಂಜಾದ ಅಮಲು ನೆನಪನ್ನೂ ಅವಧಾನವನ್ನೂ ಕುಂದಿಸುತ್ತದೆ. ವಿದ್ಯಾರ್ಥಿಗಳನ್ನು ರೋಗಿಗಳ ಬಳಿಗೆ ಬಿಡುವ ಮುನ್ನ ಅನೇಕ ಆಸ್ಪತ್ರೆಗಳು ಮೂತ್ರಪರೀಕ್ಷೆ ಮಾಡಿಸುವುದು ನ್ಯಾಯವೇ ಸರಿ. ಸಂಸ್ಥಾನವು ಕೊಟ್ಟ ರೋಗಿಯ ಚೀಟಿಯು ಅಲ್ಲಿ ರಕ್ಷೆಯಾಗುವುದೆಂದು ಯಾರೂ ನಂಬಿ ಕೂರಬಾರದು. ಆದರೆ ಇದು ಸದ್ಯದ ಸೇವನೆಯ ಮಾತು. ಅಂಗವಿಕಲರ ಹಕ್ಕುಗಳನ್ನು ಕುರಿತ 1990ರ ಕಾಯಿದೆಯು ಸಹ ಸದ್ಯದಲ್ಲಿ ಕಾಯಿದೆಬಾಹಿರವಾಗಿ ಮಾದಕವಸ್ತು ಸೇವಿಸುವವನಿಗೆ ರಕ್ಷಣೆಯನ್ನು ನಿರಾಕರಿಸುತ್ತದೆಯೇ ಹೊರತು ಹಿಂದಿನದನ್ನು ಕೆದಕಿ ದಂಡಿಸುವುದಿಲ್ಲ. ಕಾಯಿದೆಗಿರುವ ಈ ವಿವೇಕವು ಪ್ರವೇಶಮಂಡಲಿಗಳಿಗೂ ಇರಬೇಡವೆ?

ಅಲ್ಲಿಯ ಕಾಲೇಜುಗಳ ಸಾಮಾನ್ಯ ಅರ್ಜಿಯು ನ್ಯಾಯಾಲಯದ ಶಿಕ್ಷೆಯನ್ನೂ ವಿದ್ಯಾಸಂಸ್ಥೆಯ ಶಿಸ್ತುಕ್ರಮವನ್ನೂ ಕುರಿತು ಕೇಳುತ್ತದೆ, ರೋಗಚರಿತ್ರೆಯನ್ನು ಕೇಳುವುದಿಲ್ಲ. ಕೇಳದುದನ್ನು ಹೇಳದಿರುವುದು ಸುಳ್ಳಲ್ಲ. ರೋಗಿಯ ಗುಟ್ಟನ್ನು ಕಾಯಬೇಕೆಂದು ವೈದ್ಯನಿಗೆ ಕಲಿಸುವ ಸಂಸ್ಥೆಯು ರೋಗಿಯಾಗಿದ್ದ ವಿದ್ಯಾರ್ಥಿಯ ಗುಟ್ಟನ್ನೂ ಗೌರವಿಸತಕ್ಕದ್ದು. ಆದರೆ ಸ್ಪಷ್ಟವಾಗಿ ಕೇಳಿದಲ್ಲಿ ನಿಜವನ್ನೇ ಹೇಳಬೇಕು. ಹಿಂದೆ ಸೇವಿಸಿದ ಔಷಧಕ್ಕಿಂತ ಇಂದು ಬರೆದ ಸುಳ್ಳು ವೈದ್ಯನಾಗುವವನ ಯೋಗ್ಯತೆಗೆ ಹೆಚ್ಚು ಹಾನಿಕರವು.

ಕಾಲೇಜುಗಳು ತಮ್ಮ ನಿಯಮವನ್ನು ಮುಚ್ಚುಮರೆಯಿಲ್ಲದೆ ಅರ್ಜಿಗೆ ಮೊದಲೇ ಪ್ರಕಟಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದಿಲ್ಲದಿರುವುದರಿಂದಲೇ ಸತ್ಯವಂತನು ಅಂಜುತ್ತಾನೆ, ಚತುರನು ನುಸುಳುತ್ತಾನೆ. ಹಾಸಿಗೆ ಹಿಡಿದು ನರಳಿ ಎದ್ದವನೊಬ್ಬನು ಇತರರ ನರಳಿಕೆಯನ್ನು ನೀಗಲು ಮುಂದೆ ಬಂದರೆ, ಆತನ ಹಳೆಯ ಔಷಧದ ಶೀಶೆಯನ್ನಲ್ಲ, ಇಂದಿನ ಬುದ್ಧಿಯನ್ನೂ ನಡತೆಯನ್ನೂ ಪರೀಕ್ಷಿಸುವುದೇ ಯೋಗ್ಯವು.