ಎಂಪಾಕ್ಸ್ ಮತ್ತು ಲೈನುಮನೆಯ ಕೌದಿ

ಕೊಯ್ಲಿನ ಕಾಲಕ್ಕೆ ಆಳು ಸಿಕ್ಕರೆ ಸಾಕೆಂದು ಎಲ್ಲರೂ ಹಂಬಲಿಸುತ್ತೇವೆ. ಬಂದವರಲ್ಲಿ ಒಬ್ಬನಿಗೆ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಸಾಮಾನ್ಯವಾಗಿ ನಡೆಯುವುದು ಬೇರೆ: ಮೇಸ್ತ್ರಿಯನ್ನು ಕರೆಸಿ, ಲೆಕ್ಕ ಚುಕ್ತಾ ಮಾಡಿಸಿ, ಆ ಸಂಸಾರವನ್ನೇ ಸಂಜೆಯ ಬಸ್ಸಿಗೆ ಹತ್ತಿಸುವುದು. ಎಂಪಾಕ್ಸ್ ವಿಷಯದಲ್ಲಿ ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಇದು ಎಲ್ಲೋ ದೂರದ ರೋಗವೆಂದು ಸದಸ್ಯರು ತಿಳಿಯಬಾರದು. 2025ರ ಜನವರಿಯಲ್ಲಿ ದುಬೈಯಿಂದ ಮಂಗಳೂರಿಗೆ ಬಂದಿಳಿದ ಒಬ್ಬರಿಗೆ ಈ ರೋಗವಿರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಅವರನ್ನು ಆಸ್ಪತ್ರೆಯಲ್ಲಿ ಬೇರೆಯಾಗಿ ಇರಿಸಲಾಯಿತು. ಭಾರತದ ಮೊದಲನೆಯ ಪ್ರಕರಣ ನಮ್ಮ ನೆರೆಯ ಕೇರಳದ್ದು, 2022ರ ಜುಲೈ ತಿಂಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2024ರ ಆಗಸ್ಟಿನಲ್ಲಿ ಎರಡನೆಯ ಬಾರಿ ಸಾರಿದ್ದ ತುರ್ತು ಪರಿಸ್ಥಿತಿಯನ್ನು 2025ರ ಸೆಪ್ಟೆಂಬರಿನಲ್ಲಿ ಹಿಂತೆಗೆದುಕೊಂಡಿತು. ತುರ್ತು ಮುಗಿಯಿತು, ರೋಗ ಮುಗಿದಿಲ್ಲ.

ಮೊದಲು ಹೆಸರಿನ ಗೊಂದಲ ತೀರಬೇಕು. ಪತ್ರಿಕೆಗಳು 'ಮಂಗನ ಸಿಡುಬು' ಎಂದು ಬರೆದದ್ದೇ ತಡ, ಮಲೆನಾಡಿನವರು ಇದನ್ನು ನಮ್ಮ ಹಳೆಯ ಮಂಗನ ಕಾಯಿಲೆಯೊಡನೆ ಗಂಟು ಹಾಕಿದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ಉಣುಗು ಕಚ್ಚಿ ಬರುವಂಥದು. ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಎಂಪಾಕ್ಸ್ ಸಿಡುಬಿನ ಕುಲದ ರೋಗ. 1958ರಲ್ಲಿ ಡೆನ್ಮಾರ್ಕಿನ ಪ್ರಯೋಗಶಾಲೆಯೊಂದರ ಕೋತಿಗಳಲ್ಲಿ ಮೊದಲು ಕಂಡದ್ದರಿಂದ ಕೋತಿಯ ಹೆಸರು ಅಂಟಿಕೊಂಡಿತು. ಅದರ ಮೂಲ ನೆಲೆ ಆಫ್ರಿಕದ ಅಳಿಲು, ಇಲಿಯಂಥ ಪ್ರಾಣಿಗಳಿರಬೇಕೆಂದು ವಿಜ್ಞಾನಿಗಳ ಅನುಮಾನ. ನಮ್ಮ ಮಂಗಗಳ ಮೇಲೆ ಬೆಳೆಗಾರರಿಗೆ ಬೇರೆ ದೂರುಗಳು ಬೇಕಾದಷ್ಟಿವೆ. ಇದೊಂದನ್ನು ಸೇರಿಸುವುದು ಬೇಡ.

ಇನ್ನು ಹರಡುವ ಬಗೆ. ದಡಾರದಂತೆ ಇದು ಗಾಳಿಯಲ್ಲಿ ಊರೆಲ್ಲ ಸುತ್ತುವುದಿಲ್ಲ. ಗುಳ್ಳೆಗೆ, ಅದರ ರಸಕ್ಕೆ, ಒಣಗಿದ ಹೊಕ್ಕಿಗೆ ಮೈ ತಗಲಬೇಕು. ಇಲ್ಲವೆ ರೋಗಿಯ ಎದುರು ಬಹಳ ಹೊತ್ತು ಉಸಿರು ತಾಗುವಷ್ಟು ಸಮೀಪ ಇರಬೇಕು. ಇಲ್ಲವೆ ಅವನ ಹಾಸಿಗೆ, ಹೊದಿಕೆ, ಟವಲುಗಳನ್ನು ಬಳಸಬೇಕು. ಗಂಡು ಹೆಣ್ಣಿನ ಸಂಗದಿಂದಲೂ ಗಂಡು ಗಂಡಿನ ಸಂಗದಿಂದಲೂ ಹರಡುತ್ತದೆ. 2022ರಲ್ಲಿ ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದ್ದು ಬಹುಮಟ್ಟಿಗೆ ಈ ದಾರಿಯಲ್ಲೇ. ಇದನ್ನು ಮುಚ್ಚಿಟ್ಟು ಬರೆಯುವುದರಿಂದ ಯಾರಿಗೂ ಉಪಕಾರವಿಲ್ಲ. ಹಾಗೆಂದು ರೋಗಿಯ ನಡತೆಯನ್ನು ವಿಚಾರಿಸಲು ಕೂರುವುದೂ ನಮ್ಮ ಕೆಲಸವಲ್ಲ. ಎದೆಹಾಲು ಕುಡಿಯುವ ಕೂಸಿಗೂ ತಾಯಿಯ ಮೈಯಿಂದ ಇದು ಬರಬಹುದು.

ಈಗ ಬೀದರ ಕಡೆಯಿಂದ ಒಂದು ಕುಟುಂಬ ಕೊಯ್ಲಿಗೆ ಬಂದಿದೆ ಎಂದಿಟ್ಟುಕೊಳ್ಳೋಣ. ಗಂಡನ ಊರು ಔರಾದ, ಹೆಂಡತಿಯ ತವರು ಭಾಲ್ಕಿ, ಜೊತೆಗೆ ಮೂರು ಮಕ್ಕಳು. ನಾವು ಕೊಡುವುದು ಹತ್ತಡಿ ಚೌಕದ ಲೈನುಮನೆ. ಮಲೆನಾಡಿನ ಚಳಿಗೆ ಅವರು ಊರಿಂದ ತಂದ ಒಂದೇ ಕೌದಿಯಡಿ ಐದೂ ಜನ ಮಲಗುತ್ತಾರೆ. ಎಂಪಾಕ್ಸಿಗೆ ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕೆ? ಸೋಂಕು ತಗಲಿದ ಮೇಲೆ 21 ದಿನಗಳವರೆಗೂ ಲಕ್ಷಣ ತೋರದೆ ಇರಬಹುದು. ಆಮೇಲೆ ಜ್ವರ, ಮೈಕೈ ನೋವು, ಕತ್ತು, ಕಂಕುಳು, ತೊಡೆಸಂದಿಯಲ್ಲಿ ಗಡ್ಡೆ; ಅಂಗೈ ಅಂಗಾಲುಗಳಲ್ಲೂ ಗುಳ್ಳೆ. ಎರಡರಿಂದ ನಾಲ್ಕು ವಾರ ಹಿಡಿದು, ಹೊಕ್ಕು ಉದುರಿ ಹೊಸ ಚರ್ಮ ಬರುವವರೆಗೂ ಅಂಟುತ್ತದೆ.

ಈ ಮನುಷ್ಯನನ್ನು ಹೊರಗೆ ಹಾಕಿದೆವು ಎನ್ನಿ. ಬೆಂಗಳೂರಿಗೆ ಬಸ್ಸು, ಅಲ್ಲಿಂದ ಬೀದರಕ್ಕೆ ರಾತ್ರಿಯೆಲ್ಲ ಜನರಲ್ ಬೋಗಿಯಲ್ಲಿ ಮೈಗೆ ಮೈ ತಾಗಿಸಿಕೊಂಡು ರೈಲು, ಔರಾದಕ್ಕೆ ಮತ್ತೊಂದು ಬಸ್ಸು. ರಾಜ್ಯದ ಈ ಕೊನೆಯಿಂದ ಆ ಕೊನೆಯವರೆಗಿನ ಪಯಣ. ಮನೆ ಸೇರಿದರೆ ಅಲ್ಲಿಯೂ ಒಂದೇ ಕೋಣೆ, ಮುದಿ ತಾಯಿ, ತಮ್ಮನ ಮಕ್ಕಳು. ಬೀದರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಅವನು ಹೋಗುವನೇ? ಗುಳ್ಳೆ ತೋರಿಸಿದ್ದಕ್ಕೆ ಒಮ್ಮೆ ಕೂಲಿ ಕಳೆದುಕೊಂಡವನು ಇನ್ನೊಮ್ಮೆ ತೋಳು ಮುಚ್ಚಿಕೊಂಡೇ ಓಡಾಡುತ್ತಾನೆ. ಅವನ ಜೊತೆಗೆ ಮಲಗಿದ್ದವರು ಯಾರೆಂಬ ಪಟ್ಟಿಯೂ ಅವನೊಡನೆಯೇ ಹೊರಟುಹೋಗುತ್ತದೆ. ಅವರಲ್ಲಿ ಕೆಲವರು ನಮ್ಮ ಪಕ್ಕದ ಲೈನಿನಲ್ಲೇ ಇರುತ್ತಾರೆ.

ಹಿರಿಯ ಸದಸ್ಯರ ತೋಳಿನ ಮೇಲೆ ಬಾಲ್ಯದಲ್ಲಿ ಹಾಕಿಸಿದ ಮೈಲಿಯ ಕಲೆ ಇದೆ. ಆ ಲಸಿಕೆ ಎಂಪಾಕ್ಸಿನಿಂದಲೂ ಸ್ವಲ್ಪಮಟ್ಟಿಗೆ ಕಾಯುತ್ತದೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರದು, ಜಗತ್ತು ಸಿಡುಬುಮುಕ್ತವೆಂದು ಸಾರಿದ್ದು 1980ರಲ್ಲಿ. ಆಮೇಲೆ ಹುಟ್ಟಿದವರಿಗೆ ಈ ಕಲೆ ಇಲ್ಲ. ಅಂದರೆ ಹಣ್ಣು ಕುಯ್ಯುವ, ಕೊನೆ ಇಳಿಸುವ, ಅಡಿಕೆ ಸುಲಿಯುವ ವಯಸ್ಸಿನವರಲ್ಲಿ ಬಹುತೇಕ ಎಲ್ಲರೂ ರಕ್ಷಣೆಯಿಲ್ಲದವರು.

ಆದ್ದರಿಂದ ನಾವು ಕೇಳುವುದು ಇಷ್ಟು. ಪ್ರತಿ ಆಳಿಗೂ ಬೇರೆ ಹೊದಿಕೆ ಕೊಡಿ. ಗುಳ್ಳೆ ಕಂಡವನಿಗೆ ಒಂದು ಬೇರೆ ಕೋಣೆ ಬಿಡಿ, ಸ್ಟೋರಿನ ಮೂಲೆಯಾದರೂ ಸರಿ, ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ಅದು ಸೀತಾಳ ಸಿಡುಬೋ ಕಜ್ಜಿಯೋ ಆಗಿರುವ ಸಂಭವವೇ ಹೆಚ್ಚು. ತೀರ್ಮಾನಿಸಬೇಕಾದವರು ವೈದ್ಯರು, ಮೇಸ್ತ್ರಿಯಲ್ಲ. ಅವನ ಬಟ್ಟೆಗಳನ್ನು ಕೊಡವದೆ ಬಿಸಿನೀರು ಸೋಪಿನಲ್ಲಿ ತೊಳೆಸಿ. ಆರೈಕೆಗೆ ಒಬ್ಬರೇ ನಿಲ್ಲಲಿ, ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಇರಲಿ.

ಮತ್ತು ಆ ದಿನಗಳ ಕೂಲಿ ಕೊಡಿ. ಇಲ್ಲಿ ಸದಸ್ಯರು ಹುಬ್ಬು ಗಂಟಿಕ್ಕುವರೆಂದು ಗೊತ್ತು. ಎರಡು ಎಕರೆಯವನು ನಾಲ್ಕು ವಾರದ ಕೂಲಿಯನ್ನು ಕೆಲಸವಿಲ್ಲದೆ ಎಲ್ಲಿಂದ ತಂದಾನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಬ್ಬನ ತಲೆಗೆ ಕಟ್ಟಿದರೆ ಯಾರೂ ಕೊಡುವುದಿಲ್ಲ, ಎಲ್ಲರೂ ಬಸ್ಸಿಗೇ ಹತ್ತಿಸುತ್ತಾರೆ. ಸಂಘಕ್ಕೆ ಬರುವ ಕಾಫಿ, ಅಡಿಕೆಯ ಮೂಟೆಗೆ ಇಂತಿಷ್ಟೆಂದು ಹಿಡಿದು ಒಂದು ನಿಧಿ ಮಾಡಿದರೆ ಅದರಿಂದ ಈ ಕೂಲಿ ಕೊಡಬಹುದು. ಮೂಟೆಗೆ ಎಷ್ಟು ಎಂಬುದನ್ನು ಮುಂದಿನ ವಾರ್ಷಿಕ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಕಾರ್ಯದರ್ಶಿಗಳನ್ನು ಕೋರಿದ್ದೇವೆ. ವಿರೋಧವಿದ್ದವರು ಸಭೆಗೆ ಬಂದು ಹೇಳಲಿ.