ಹೊರಡುವ ಮುನ್ನ ಮುಗಿಯಬೇಕಾದ ಅರ್ಧ ಕೆಲಸ

ವಿದೇಶದ ಪ್ರಯೋಗಾಲಯಕ್ಕೆ ಹೊರಟ ಸಂಶೋಧನಾ ವಿದ್ಯಾರ್ಥಿಯನ್ನು ‘ತಯಾರಿ ಎಲ್ಲಿಗೆ ಬಂತು?’ ಎಂದು ಕೇಳಿ ನೋಡಿ. ವೀಸಾ, ಟಿಕೆಟ್, ವಿಮೆ, ಸ್ವೆಟರು, ಚಟ್ನಿಪುಡಿ ಎಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಬೇಡವೆನ್ನುವಂಥದ್ದು ಒಂದೂ ಇಲ್ಲ. ಆದರೆ ಇದು ಪ್ರಯಾಣದ ತಯಾರಿ. ಸಂಶೋಧನೆಯದು ಬೇರೆಯೇ ಇದೆ. ಪ್ರಯಾಣದ ತಯಾರಿ ಕೆಟ್ಟರೆ ವಿಮಾನ ತಪ್ಪುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ. ಸಂಶೋಧನೆಯ ತಯಾರಿ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮೂರು ತಿಂಗಳು ಕಳೆದು, ಫೋಟೋಗಳೊಂದಿಗೆ ಮರಳಿ, ವರದಿಯಲ್ಲಿ ‘ಅತ್ಯಂತ ಉಪಯುಕ್ತ ಅನುಭವ’ ಎಂದು ಬರೆದರೆ ಕಡತ ಮುಚ್ಚುತ್ತದೆ. ಹಾಗಾದರೆ ಇಂಥ ಭೇಟಿಗೆ ನಿಜವಾದ ತಯಾರಿ ಯಾವುದು? ಅದರ ಹೊಣೆ ಯಾರದು?

ಜಿನೀವಾದ ಸರ್ನ್ ಪ್ರಯೋಗಾಲಯವನ್ನೇ ತೆಗೆದುಕೊಳ್ಳೋಣ. 1954ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯ ಎರಡೂ ಬದಿಗೆ ಹರಡಿಕೊಂಡಿದೆ. ಪ್ರೋಟಾನ್‌ನಂಥ ಕಣಗಳನ್ನು ಡಿಕ್ಕಿ ಹೊಡೆಸುವ ಅದರ ದೊಡ್ಡ ವೇಗವರ್ಧಕ ಎಲ್‌ಎಚ್‌ಸಿ ನೆಲದಡಿ ಸುಮಾರು 100 ಮೀಟರ್ ಆಳದ, 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿದೆ. ಅಲ್ಲಿ ಕೆಲಸ ಮಾಡುವವರ ಮೇಜು ಸ್ವಿಟ್ಜರ್ಲೆಂಡಿನ ಮೇರಿನ್‌ನಲ್ಲಿದ್ದು, ಬಾಡಿಗೆ ಕೋಣೆ ಫ್ರಾನ್ಸಿನ ಹಳ್ಳಿಯಲ್ಲಿರುವುದು ಮಾಮೂಲು. ಆದ್ದರಿಂದ ಎಲ್ಲಿ ಉಳಿಯುತ್ತೇವೆ, ಎಷ್ಟು ದಿನ ಉಳಿಯುತ್ತೇವೆ ಎಂಬುದು ವೀಸಾ ಅರ್ಜಿಗೆ ಮೊದಲೇ ತೀರ್ಮಾನವಾಗಬೇಕು. ಮೂರು ತಿಂಗಳೊಳಗಿನ ಭೇಟಿಗೆ ಒಂದು ಬಗೆಯ ಕಾಗದಪತ್ರ, ಅದಕ್ಕೂ ಮೀರಿದರೆ ಇನ್ನೊಂದು ಬಗೆ. ಇದು ಬೇಸರದ ಕೆಲಸ, ಆದರೆ ಬುದ್ಧಿಯ ಕೆಲಸವಲ್ಲ. ತಿಂಗಳುಗಟ್ಟಲೆ ಮೊದಲು ಶುರುಮಾಡಿದರೆ ಮುಗಿಯುತ್ತದೆ.

ಬುದ್ಧಿಯ ಕೆಲಸ ಬರುವುದು ಇದಾದ ಮೇಲೆ. ಅಲ್ಲಿನ ಸಿಎಂಎಸ್ ಅಥವಾ ಆಲಿಸ್‌ನಂಥ ಪ್ರಯೋಗಗಳಲ್ಲಿ ಸಾವಿರಾರು ಜನ ಹಲವು ದೇಶಗಳಿಂದ ಸೇರಿ ದುಡಿಯುತ್ತಾರೆ. ಮದುವೆ ಮನೆಗೆ ಬಂದು ಕುರ್ಚಿ ಹಿಡಿದು ಕೂರುವ ನೆಂಟರಿಗೂ, ಸೆರಗು ಸಿಕ್ಕಿಸಿ ಅಡುಗೆಮನೆಗೆ ನಡೆಯುವ ನೆಂಟರಿಗೂ ಇರುವ ವ್ಯತ್ಯಾಸ ಇಲ್ಲಿ ಮೊದಲ ವಾರದಲ್ಲೇ ಕಾಣುತ್ತದೆ. ಡಿಕ್ಕಿಗಳನ್ನು ದಾಖಲಿಸುವ ಡಿಟೆಕ್ಟರ್‌ನ ಕಣ್ಗಾವಲಿನ ಶಿಫ್ಟ್‌ಗೆ ಕೂರಬೇಕಾದರೆ ತರಬೇತಿ ಮುಗಿದಿರಬೇಕು. ವಿಕಿರಣ ವಲಯಕ್ಕೆ ಕಾಲಿಡಬೇಕಾದರೆ ಸುರಕ್ಷತಾ ಪಾಠಗಳನ್ನು ಓದಿ ಪರೀಕ್ಷೆ ಪಾಸಾಗಿರಬೇಕು, ಎದೆಗೆ ವಿಕಿರಣ ಅಳೆಯುವ ಡೋಸಿಮೀಟರ್ ಇರಬೇಕು. ಕಂಪ್ಯೂಟರ್ ಖಾತೆಯಿಲ್ಲದೆ ಒಂದು ಫೈಲೂ ತೆರೆಯದು. ಇವುಗಳಲ್ಲಿ ಬಹುಪಾಲನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮುಗಿಸಬಹುದು. ಲಿನಕ್ಸ್, ಪೈಥಾನ್, ಸಿ++, ಕಣ ಭೌತವಿಜ್ಞಾನಿಗಳು ದಿನವೂ ಬಳಸುವ ರೂಟ್ ತಂತ್ರಾಂಶ, ಇವನ್ನು ಕಲಿಯಲು ಜಿನೀವಾ ಬೇಕಿಲ್ಲ. 2014ರಿಂದ ಸರ್ನ್ ತನ್ನ ಪ್ರಯೋಗಗಳ ದತ್ತಾಂಶದ ಒಂದು ಭಾಗವನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಧಾರವಾಡದ ಹಾಸ್ಟೆಲಿನಲ್ಲಿ ಕೂತ ಎಂಎಸ್ಸಿ ವಿದ್ಯಾರ್ಥಿನಿಯೂ ನಿಜವಾದ ಪ್ರೋಟಾನ್ ಡಿಕ್ಕಿಗಳ ಅಂಕಿಗಳನ್ನು ಇಳಿಸಿಕೊಂಡು ವಿಶ್ಲೇಷಿಸಬಹುದು. ಇಲ್ಲೇ ಕಲಿಯಬಹುದಾದದ್ದನ್ನು ಕಲಿಯಲು ಅಲ್ಲಿಗೆ ಹೋಗುವುದು ದುಬಾರಿ ಸೋಮಾರಿತನ.

ಕಾಲದ ಲೆಕ್ಕವೂ ಇದೆ. ವೇಗವರ್ಧಕಕ್ಕೆ ತನ್ನದೇ ಪಂಚಾಂಗವಿದೆ. ಪ್ರತಿ ಚಳಿಗಾಲ ಅದು ದುರಸ್ತಿಗೆ ನಿಲ್ಲುತ್ತದೆ. ಕೆಲವು ವರ್ಷಗಳಿಗೊಮ್ಮೆ ದೀರ್ಘ ವಿರಾಮ ಬರುತ್ತದೆ. 2018ರ ಕೊನೆಯಲ್ಲಿ ನಿಂತ ಎಲ್‌ಎಚ್‌ಸಿಯಲ್ಲಿ ಮತ್ತೆ ಭೌತವಿಜ್ಞಾನದ ದತ್ತಾಂಶ ಸಂಗ್ರಹ ಶುರುವಾದದ್ದು 2022ರಲ್ಲಿ. ಡಿಕ್ಕಿಗಳನ್ನು ದಾಖಲಿಸುವ ಆಸೆಯಿಂದ ವಿರಾಮದಲ್ಲಿ ಹೋದವರು ಕೈಕಟ್ಟಿ ಕೂರಬೇಕು. ಆದರೆ ಯಂತ್ರಭಾಗ ಬಿಚ್ಚಿ ಜೋಡಿಸುವ ಕೆಲಸ ಗೊತ್ತಿದ್ದವರಿಗೆ ಸುಗ್ಗಿ ಅದೇ. ಯಾವಾಗ ಹೋಗಬೇಕು ಎಂಬುದಕ್ಕೆ ಉತ್ತರ ವಿಶ್ವವಿದ್ಯಾಲಯದ ರಜಾಪಟ್ಟಿಯಲ್ಲಿರುವುದಿಲ್ಲ. ಏನು ಮಾಡಲು ಹೋಗುತ್ತೇವೆ ಎಂಬುದು ಸ್ಪಷ್ಟವಾದಾಗ ಅದು ತಾನಾಗಿ ಸಿಗುತ್ತದೆ.

ಏನು ಮಾಡಲು ಎಂಬುದೇ ಎಲ್ಲದರ ತಿರುಳು. ಒಂದು ಭೇಟಿ ಸಾರ್ಥಕವಾಗಲು ಎರಡು ಬೇಕು: ಅಲ್ಲಿ ಮಾತ್ರ ಉತ್ತರ ಸಿಗಬಹುದಾದ ಒಂದು ಪ್ರಶ್ನೆ ಮತ್ತು ಅವರಿಗೆ ಕೊಡಬಹುದಾದ ಒಂದು ಕೌಶಲ. ಪ್ರಶ್ನೆಯಿಲ್ಲದವರು ಪ್ರವಾಸಿ, ಕೌಶಲವಿಲ್ಲದವರು ಅಪ್ರೆಂಟಿಸ್. ನಮ್ಮವರು ಸರ್ನ್‌ನಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಕೊಡುವ ಕೈಯಿಂದಲೇ. ಭಾರತ ಅಲ್ಲಿನ ಸಹ ಸದಸ್ಯ ರಾಷ್ಟ್ರವಾದದ್ದು 2017ರಲ್ಲಿ. ಅದಕ್ಕೂ ಎಷ್ಟೋ ಮೊದಲು, ಸುರಂಗದ ಭಾರೀ ಆಯಸ್ಕಾಂತಗಳನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಹೊತ್ತು ನಿಲ್ಲಿಸುವ ಸುಮಾರು 7000 ಜ್ಯಾಕ್‌ಗಳು ಭಾರತದಿಂದ ಹೋಗಿದ್ದವು. ಸಿಎಂಎಸ್‌ನ ಒಂದು ಭಾಗಕ್ಕೆ ಬೇಕಾದ ಸಿಲಿಕಾನ್ ಸಂವೇದಕಗಳನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಿಸಿದರು. ಸದಸ್ಯತ್ವದ ಸಹಿಗಿಂತ ಮೊದಲು ಬಂದದ್ದು ಕೆಲಸ.

ಇದಕ್ಕೊಂದು ಆಕ್ಷೇಪ ಬರುತ್ತದೆ, ಅದು ತಳ್ಳಿಹಾಕುವಂಥದ್ದಲ್ಲ. ವಿಜ್ಞಾನ ಯೋಜನೆಯ ಪ್ರಕಾರ ನಡೆಯುವುದಿಲ್ಲ, ದೊಡ್ಡ ಪ್ರಯೋಗಾಲಯದ ಲಾಭವಿರುವುದೇ ಕ್ಯಾಂಟೀನಿನ ಮಾತಿನಲ್ಲಿ, ಎಲ್ಲವನ್ನೂ ಮೊದಲೇ ಗೆರೆ ಕೊರೆದಂತೆ ಹಾಕಿಕೊಂಡು ಹೋದರೆ ಹೊಸತು ಹೊಳೆಯುವುದೆಲ್ಲಿ ಎಂದು ಅನುಭವಿಗಳು ಕೇಳುತ್ತಾರೆ. ಸಿ.ವಿ. ರಾಮನ್ ಅವರನ್ನೂ ಸಾಕ್ಷಿಗೆ ಕರೆಯಬಹುದು. 1921ರಲ್ಲಿ ಅವರು ಆಕ್ಸ್‌ಫರ್ಡಿಗೆ ಹೋದದ್ದು ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ. ಆ ಪ್ರಯಾಣದ ದೊಡ್ಡ ಫಲ ಸಿಕ್ಕಿದ್ದು ಮರಳುವ ಹಡಗಿನ ಮೇಲೆ, ಸಮುದ್ರದ ನೀಲಿಯನ್ನು ನೋಡುತ್ತಾ. ಆ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂಬ ಲಾರ್ಡ್ ರೇಲಿಯ ಮಾತನ್ನು ಅವರು ಅಲ್ಲಿಯೇ ಪರೀಕ್ಷಿಸಿದರು. ಈ ಹಾದಿಯೇ 1928ರ ರಾಮನ್ ಪರಿಣಾಮಕ್ಕೆ ಮುಟ್ಟಿಸಿತು. ಯೋಜನೆಯಲ್ಲಿ ಇಲ್ಲದ್ದೇ ಕೈಹಿಡಿಯಿತು, ನಿಜ. ಆದರೆ ಅವರ ಕೈಯಲ್ಲಿ ನಿಕೋಲ್ ಪ್ರಿಸಂ ಇತ್ತು. ನೀರಿನ ಮೇಲ್ಮೈಯ ಹೊಳಪನ್ನು ಅದರಿಂದ ತಡೆದರೂ ನೀಲಿ ಉಳಿಯುತ್ತದೆಯೇ ಎಂದು ನೋಡಬೇಕೆಂಬ ಬುದ್ಧಿ ತಲೆಯಲ್ಲಿತ್ತು. ಹಡಗಿನ ಉಳಿದ ಪ್ರಯಾಣಿಕರೂ ಅದೇ ಸಮುದ್ರವನ್ನು ನೋಡಿದ್ದರು. ಆಕಸ್ಮಿಕ ಎಲ್ಲರ ಎದುರಿಗೂ ಬರುತ್ತದೆ. ಗುರುತಿಸುವುದು ತಯಾರಾದವರಿಗೆ ಮಾತ್ರ ಸಾಧ್ಯ.

ತಯಾರಿ ಹೋಗುವವರೊಬ್ಬರದೇ ಎನ್ನುವುದೂ ಪೂರ್ತಿ ಸರಿಯಲ್ಲ. 1924ರಲ್ಲಿ ಢಾಕಾದಿಂದ ಪ್ಯಾರಿಸಿಗೆ ಹೋದ ಸತ್ಯೇಂದ್ರನಾಥ ಬೋಸ್ ಮೇರಿ ಕ್ಯೂರಿಯವರ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ಅವರನ್ನು ಕಂಡರು. ಬೋಸ್ ಅವರೇ ಮುಂದೆ ಹೇಳಿಕೊಂಡಂತೆ, ಕ್ಯೂರಿ ಇಂಗ್ಲಿಷಿನಲ್ಲಿ ಮಾತನಾಡಿ, ಮೊದಲು ಕೆಲವು ತಿಂಗಳು ಫ್ರೆಂಚ್ ಕಲಿಯಲು ಸೂಚಿಸಿದರು. ಬೋಸ್‌ಗೆ ಫ್ರೆಂಚ್ ಆಗಲೇ ಬರುತ್ತಿತ್ತು, ಹೇಳಲು ಸಂಕೋಚ. ತಯಾರಿ ಇತ್ತು, ಅದು ಅಲ್ಲಿದ್ದವರಿಗೆ ಕಾಣಲಿಲ್ಲ. ಮೊದಲೇ ಪತ್ರ ಬರೆದು ‘ನನಗೆ ಇದು ಬರುತ್ತದೆ, ಇದು ಬರುವುದಿಲ್ಲ’ ಎಂದು ತಿಳಿಸುವುದೂ ತಯಾರಿಯ ಭಾಗ. ವಿನಯವನ್ನು ನಮ್ಮಲ್ಲಿ ಗುಣವೆಂದು ಬೆಳೆಸಿದ್ದಾರೆ. ಪ್ರಯೋಗಾಲಯದ ಬಾಗಿಲಲ್ಲಿ ಅದು ಅಜ್ಞಾನದಂತೆ ಕಾಣಬಹುದು. ಹಾಗೆಯೇ ಬಂದವರನ್ನು ಅವರ ದೇಶದಿಂದ ಅಳೆಯದೆ, ಕೇಳಿ ತಿಳಿಯುವುದು ಆತಿಥೇಯರ ತಯಾರಿ.

ನಾವೇ ಆತಿಥೇಯರಾಗಿದ್ದ ಕಾಲವೂ ಇತ್ತು. ಕೋಲಾರದ ಚಿನ್ನದ ಗಣಿಯಲ್ಲಿ, 2 ಕಿಲೋಮೀಟರಿಗೂ ಮೀರಿದ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೊಂದಿಗೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ಕೆಲಸ ಮಾಡಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ಅಲ್ಲಿ ಸಿಕ್ಕಿತು. ಅದಕ್ಕೆ ಮುಂಚೆ ಬೇರೆ ಬೇರೆ ಆಳಗಳಲ್ಲಿ ಕಾಸ್ಮಿಕ್ ಕಿರಣಗಳನ್ನು ಅಳೆದು, ಆಳಕ್ಕೆ ಹೋದಂತೆ ಅವುಗಳಿಂದ ಹುಟ್ಟುವ ಮ್ಯುಆನ್ ಕಣಗಳು ಎಷ್ಟು ಅಪರೂಪವಾಗುತ್ತವೆ ಎಂದು ಕಂಡುಕೊಂಡಿದ್ದರು. ನ್ಯೂಟ್ರಿನೋದ ಸುಳಿವನ್ನು ಮುಚ್ಚಿಹಾಕುವ ಮ್ಯುಆನ್‌ಗಳು ಇಲ್ಲಿ ವಿರಳ, ಹುಡುಕಾಟಕ್ಕೆ ಈ ಜಾಗ ತಕ್ಕದ್ದು ಎಂದು ತೋರಿಸಿದ್ದೇ ಆ ಅಳತೆ. ಯಶಸ್ಸನ್ನು ಎಲ್ಲರೂ ನೆನೆಯುತ್ತಾರೆ, ಅದನ್ನು ಸಾಧ್ಯವಾಗಿಸಿದ ಅಳತೆಯನ್ನು ಮರೆಯುತ್ತಾರೆ.

ಇನ್ನು ಹೊಣೆಯ ಮಾತು. ದೊಡ್ಡ ಸಂಸ್ಥೆಯ ವಿದ್ಯಾರ್ಥಿಗೆ ಪಕ್ಕದ ಕೋಣೆಯಲ್ಲೇ ಹೋಗಿಬಂದ ಸೀನಿಯರ್ ಇರುತ್ತಾರೆ. ಯಾವ ವಿಮೆ, ಯಾವ ಕೋರ್ಸು, ಯಾರಿಗೆ ಮೊದಲು ಇಮೇಲ್ ಎಂಬುದೆಲ್ಲ ಚಹಾ ಕುಡಿಯುವ ಹೊತ್ತಿಗೆ ತಿಳಿಯುತ್ತದೆ. ಜಿಲ್ಲೆಯ ವಿಶ್ವವಿದ್ಯಾಲಯದಿಂದ ಮೊದಲ ಬಾರಿಗೆ ಹೊರಟವರಿಗೆ ಅಂಥ ಬಾಯಿಮಾತಿನ ಗ್ರಂಥಾಲಯವಿಲ್ಲ. ಅವರು ಹಿಂದೆ ಬಿದ್ದರೆ ಅದನ್ನು ಪ್ರತಿಭೆಯ ಕೊರತೆ ಎನ್ನುವುದು ಅನ್ಯಾಯ. ಪ್ರಯಾಣಭತ್ಯೆ ಮಂಜೂರು ಮಾಡುವ ವಿಭಾಗ, ಹೊರಡುವ ಮುಂಚಿನ ತಿಂಗಳುಗಳನ್ನೂ ಸಂಶೋಧನೆಯೆಂದೇ ಎಣಿಸಬೇಕು. ಪಾಠ ಮಾಡುವ ಹೊರೆಯನ್ನು ಅಷ್ಟು ಕಾಲ ಇಳಿಸಬೇಕು. ಕೆಲಸದ ಕರಡು ಯೋಜನೆಯನ್ನು ಸಹೋದ್ಯೋಗಿಗಳ ಮುಂದಿಟ್ಟು ಪ್ರಶ್ನೆ ಎದುರಿಸುವಂತೆ ಮಾಡಬೇಕು. ಹೋಗಿಬಂದವರು ವರದಿಯ ಬದಲು ಮುಂದಿನವರಿಗೆ ಕೈಪಿಡಿ ಬರೆಯಬೇಕು: ಏನು ಸುಲಭವಾಯಿತು, ಎಲ್ಲಿ ವಾರಗಳು ವ್ಯರ್ಥವಾದವು, ಯಾವ ಕೌಶಲಕ್ಕೆ ಅಲ್ಲಿ ಬೆಲೆಯಿತ್ತು.

ಆಯ್ಕೆ ಸಮಿತಿಗಳು ಇಂದು ಕೇಳುವುದು ‘ಈ ಭೇಟಿಯಿಂದ ನಿಮಗೇನು ಲಾಭ?’ ಎಂದು. ಅದಕ್ಕೆ ಉತ್ತರ ಕಲ್ಪಿಸುವುದು ಯಾರಿಗೂ ಕಷ್ಟವಲ್ಲ. ‘ನೀವು ಹೋಗದಿದ್ದರೆ ಅಲ್ಲಿ ಯಾವ ಕೆಲಸ ಕುಂಟುತ್ತದೆ?’ ಎಂದು ಕೇಳಲಿ. ಇದಕ್ಕೆ ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲವರು ಹೊರಡಲು ಸಿದ್ಧರಿದ್ದಾರೆ. ಬರೆಯಲಾಗದವರನ್ನು ತಿರಸ್ಕರಿಸಬೇಕಿಲ್ಲ; ಅವರಿಗೆ ಆರು ತಿಂಗಳು, ಒಬ್ಬ ಮಾರ್ಗದರ್ಶಿ ಮತ್ತು ಒಂದು ಒಳ್ಳೆಯ ಕಂಪ್ಯೂಟರ್ ಕೊಟ್ಟು, ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು. ಟಿಕೆಟ್ಟಿಗಿಂತ ಅದು ಅಗ್ಗ.