ಬಿಟ್ಟ ಸ್ಥಳ ತುಂಬುವವರು ಯಾರು?



ಶಾಲೆಯ ಸರ್ಟಿಫಿಕೇಟ್ ಫಾರಂ ನೋಡಿದ್ದೀರಲ್ಲ? ಶಾಲೆಯ ಹೆಸರನ್ನು ಪ್ರೆಸ್‌ನವರು ಒಮ್ಮೆಗೇ ಅಚ್ಚು ಹಾಕುತ್ತಾರೆ. ವಿದ್ಯಾರ್ಥಿಯ ಹೆಸರಿನ ಜಾಗ ಖಾಲಿ ಇರುತ್ತದೆ. ಆಮೇಲೆ ಆಫೀಸಿನಲ್ಲಿ ಒಬ್ಬೊಬ್ಬರಿಗೂ ಬರೆದುಕೊಡುತ್ತಾರೆ. ಪ್ರೆಸ್‌ನವರು ಆ ಜಾಗವನ್ನೇ ಅಳಿಸಿಬಿಟ್ಟರೆ? ಫಾರಂ ಕೆಲಸಕ್ಕೆ ಬಾರದು.

ವೆಬ್ ಸರ್ವರ್‌ನಲ್ಲೂ ಈ ತಪ್ಪು ಆಗುತ್ತದೆ. ರಷ್ಯದ ಇಗೊರ್ ಸಿಸೋಯೆವ್ ಬರೆದು 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಎಂಬ ತಂತ್ರಾಂಶವನ್ನು ಪ್ರಾಕ್ಸಿಯಾಗಿ ಬಳಸುತ್ತಾರೆ. ಅಂದರೆ, ಹೊರಗಿಂದ ಬಂದ ಕೋರಿಕೆಯನ್ನು ಅದು ಒಳಗಿನ ಸರ್ವರಿಗೆ ದಾಟಿಸುತ್ತದೆ. ಅದರ ಕಾನ್ಫಿಗರೇಶನ್ ಫೈಲಿನ ಮಾದರಿಯಲ್ಲಿ $ಬ್ಯಾಕೆಂಡ್ ಎಂದು ನಾವು ಬರೆದರೆ ಅದು ಒಳಗಿನ ಸರ್ವರಿನ ವಿಳಾಸ. ಸರ್ವರ್ ಶುರುವಾಗುವ ಮೊದಲೇ ನಾವು ತುಂಬಬೇಕು. $ಹೋಸ್ಟ್ ಎಂಬುದು ಕೋರಿಕೆಯಲ್ಲಿ ಬಂದ ತಾಣದ ಹೆಸರು. ಪ್ರತಿ ಕೋರಿಕೆಗೂ ಎಂಜಿನ್‌ಎಕ್ಸ್ ತಾನೇ ತುಂಬಿಕೊಳ್ಳುತ್ತದೆ. ಎರಡಕ್ಕೂ ಮುಂದೆ ಡಾಲರ್ ಗುರುತೇ. ತೊಂದರೆ ಇರುವುದು ಇಲ್ಲೇ.

ಮೊದಲನೆಯದನ್ನು ತುಂಬಲು ಎನ್ವ್‌ಸಬ್‌ಸ್ಟ್ ಎಂಬ ಸಣ್ಣ ಉಪಕರಣವಿದೆ. ಯಾವ ಹೆಸರು ಬದಲಿಸಬೇಕೆಂದು ಹೇಳದಿದ್ದರೆ ಅದು ಎಲ್ಲವನ್ನೂ ಬದಲಿಸುತ್ತದೆ. ಬೆಲೆ ಸಿಗದ ಹೆಸರಿದ್ದಲ್ಲಿ ಖಾಲಿ ಬಿಡುತ್ತದೆ. $ಹೋಸ್ಟ್ ಮಾಯ!

ನಾನೂ ಒಮ್ಮೆ ಹೀಗೆ ಎಡವಿದ್ದೇನೆ. ಹೋಸ್ಟ್ ಹೆಡರ್ ಕಳಿಸುವ ಸಾಲಿನಲ್ಲಿ ಬೆಲೆ ಕಾಣೆಯಾದರೆ ಎಂಜಿನ್‌ಎಕ್ಸ್ ತಪ್ಪು ತೋರಿಸಿ ನಿಲ್ಲುತ್ತದೆ. ಅದು ಒಳ್ಳೆಯದೇ. ಆದರೆ ಬಂದವರನ್ನು ಬೇರೆ ವಿಳಾಸಕ್ಕೆ ಕಳಿಸುವ ಸಾಲಿನಲ್ಲಿ ವಿಳಾಸವೇ ಅಳಿಸಿಹೋದರೂ ಪರೀಕ್ಷೆ ಪಾಸಾಗುತ್ತದೆ. ಸರ್ವರ್ ಓಡುತ್ತದೆ, ಬಂದವರು ಮಾತ್ರ ಎಲ್ಲಿಗೂ ತಲುಪುವುದಿಲ್ಲ. ಗದ್ದಲ ಮಾಡುವ ತಪ್ಪಿಗಿಂತ ಸುಮ್ಮನಿರುವ ತಪ್ಪೇ ಅಪಾಯ.

ಪರಿಹಾರ ಸುಲಭ. "$ಬ್ಯಾಕೆಂಡ್ ಒಂದನ್ನೇ ಬದಲಿಸು" ಎಂದು ಎನ್ವ್‌ಸಬ್‌ಸ್ಟ್‌ಗೆ ಹೆಸರು ಹಿಡಿದು ಹೇಳಬೇಕು. ಆಮೇಲೆ ತಯಾರಾದ ಫೈಲನ್ನು ತೆರೆದು ಕಣ್ಣಾರೆ ಓದಬೇಕು.

"ಅಷ್ಟೆಲ್ಲ ಯಾಕೆ ಸಾರ್, ಯಾರೋ ಬರೆದದ್ದನ್ನ ಕಾಪಿ ಮಾಡಿದ್ರೆ ಸಾಕಲ್ವಾ?" ಅಂತ ಕೇಳುವವರಿದ್ದಾರೆ. ಸಾಲದು. ಕಾಪಿ ಮಾಡಿದ ಸಾಲು ಇವತ್ತು ನಡೆದೀತು. ನಾಳೆ ಕೆಟ್ಟರೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ.

ಗಣಿತದ ಆದೇಶ ವಿಧಾನದಲ್ಲಿ ಚರಾಕ್ಷರದ ಬೆಲೆ ಎಷ್ಟು ಎಂದು ಕೇಳುತ್ತೀರಿ. ಕಂಪ್ಯೂಟರಿನ ಮುಂದೆ ಕೂತಾಗ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಿ: ಅದನ್ನು ಯಾರು ತುಂಬುತ್ತಾರೆ? ಯಾವಾಗ ತುಂಬುತ್ತಾರೆ? ಕಾನ್ಫಿಗರೇಶನ್ ಪಾಠ ಶುರುವಾಗಬೇಕಾದ್ದು ಈ ಎರಡು ಪ್ರಶ್ನೆಗಳಿಂದಲೇ ಎಂಬುದು ನನ್ನ ಅಭಿಪ್ರಾಯ.